99 ಡಾಲರಿನ ಬೋರ್ಡು

ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರಾಸೆಸಿಂಗ್) ಅಂದರೆ ಗುಣಿಸು, ಕೂಡು, ಮುಂದಿನದಕ್ಕೆ ಹೋಗು. ಅಷ್ಟೇ. ಲ್ಯಾಬಿಗೆ ಹೊಸ ಬ್ಯಾಚು ಬಂದಾಗಲೆಲ್ಲ ನಾನು ಹೇಳುತ್ತಿದ್ದುದು ಇದೊಂದೇ ಮಾತು. ಥಿಯರಿ ಕ್ಲಾಸಿನಲ್ಲಿ ಝಡ್ ಟ್ರಾನ್ಸ್‌ಫಾರ್ಮು, ಪೋಲು, ಝೀರೊ ಎಂದು ಕೇಳಿ ಕೇಳಿ ಅವರ ಮುಖ ಬಾಡಿರುತ್ತಿತ್ತು. ಈ ಮಾತು ಕೇಳಿದ ಮೇಲೆ ಸ್ವಲ್ಪ ಉಸಿರು ಬರುತ್ತಿತ್ತು. ನಾನು ಪಾಠ ಮಾಡುವ ಮೇಷ್ಟ್ರಾಗಿರಲಿಲ್ಲ. ತುಮಕೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ, ಎಲೆಕ್ಟ್ರಾನಿಕ್ಸ್ ವಿಭಾಗದ ಬೀರುಗಳ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿ ನಿವೃತ್ತನಾದವನು. ಹಾಗಾಗಿ ಈ ಚರಿತ್ರೆಯನ್ನು ಬೀರುವಿನ ಕಡೆಯಿಂದಲೇ ಹೇಳುತ್ತೇನೆ. ಯಾವ ಸಾಮಾನು ಬೀರುವಿನೊಳಗೇ ಉಳಿಯಿತು, ಯಾವುದು ಹುಡುಗರ ಕೈಗೆ ಬಂತು ಎನ್ನುವುದೇ ನನಗೆ ಗೊತ್ತಿರುವ ಚರಿತ್ರೆ.

ಗುಣಿಸುವುದೇನು ಮಹಾ ಎಂದು ಕೇಳಬಹುದು. ನಮ್ಮ ರಾಜ್ಯದ ಲ್ಯಾಬುಗಳಲ್ಲಿ ಬೆಂಗಳೂರಿನ ಇಎಸ್‌ಎ ಕಂಪನಿಯ 8085 ಕಿಟ್ಟು ಮುಟ್ಟದೆ ಪಾಸಾದವರು ಕಡಿಮೆ. ಆ 8085ಕ್ಕೆ ಗುಣಾಕಾರದ ಇನ್‌ಸ್ಟ್ರಕ್ಷನ್ನೇ ಇಲ್ಲ. ಕೂಡುತ್ತ, ಶಿಫ್ಟ್ ಮಾಡುತ್ತ ಹೋಗಬೇಕು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿದ್ದ 8088ಕ್ಕೆ ಗುಣಿಸಲು ಬರುತ್ತಿತ್ತು, ಆದರೆ 16 ಬಿಟ್ಟಿನ ಒಂದು ಗುಣಾಕಾರಕ್ಕೆ 120ರ ಆಸುಪಾಸು ಕ್ಲಾಕುಗಳು, ಅಂದರೆ ಸುಮಾರು 25 ಮೈಕ್ರೊಸೆಕೆಂಡು. ಟೆಲಿಫೋನಿನ ಮಾತನ್ನು ಅಂಕಿಗಳಾಗಿಸಿದರೆ ಸೆಕೆಂಡಿಗೆ 8,000 ಸ್ಯಾಂಪಲ್ಲು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವುದು 125 ಮೈಕ್ರೊಸೆಕೆಂಡು. ಆ ಹೊತ್ತಿನಲ್ಲಿ ಪಿಸಿ ಹೆಚ್ಚೆಂದರೆ ಐದು ಸಲ ಗುಣಿಸಬಹುದು. ಸುಮಾರಾದ ಒಂದು ಫಿಲ್ಟರಿಗೆ ಬೇಕಾದದ್ದು 64. ಪಿಸಿ ಐದಕ್ಕೇ ಏದುಸಿರು ಬಿಡುವಾಗ ಪಕ್ಕದಲ್ಲಿ ಬರೀ ಗುಣಿಸುವುದಕ್ಕೆಂದೇ ಇನ್ನೊಬ್ಬ ಆಳು ಬೇಕಾಯಿತು. ಪಿಸಿಗೆ ಸಿಕ್ಕಿಸುವ ಡಿಎಸ್‌ಪಿ ಬೋರ್ಡುಗಳು ಹುಟ್ಟಿದ್ದು ಈ ಲೆಕ್ಕದಿಂದ.

ಆ ಆಳು ಬಂದದ್ದು 1982ರ ಫೆಬ್ರವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಐಎಸ್‌ಎಸ್‌ಸಿಸಿ ಸಮ್ಮೇಳನದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ತಮ್ಮ ಹೊಸ ಚಿಪ್ಪಿನ ಪ್ರಬಂಧ ಮಂಡಿಸಿದರು. ಅದರ ಮೊದಲ ಲೇಖಕರು ಸುರೇಂದರ್ ಮಾಗರ್, ಭಾರತೀಯ ಮೂಲದವರು. ಚಿಪ್ಪಿನ ಹೆಸರು ಟಿಎಂಎಸ್32010. 40 ಕಾಲಿನ ಸಾಧಾರಣ ಪ್ಯಾಕೇಜು, ನೋಡಿದರೆ 8085ರ ತಮ್ಮನ ಹಾಗಿತ್ತು. ಒಳಗೆ ಮಾತ್ರ 16 ಬಿಟ್ಟಿಗೆ 16 ಬಿಟ್ಟನ್ನು ಒಂದೇ ಏಟಿಗೆ ಗುಣಿಸುವ ಹಾರ್ಡ್‌ವೇರು. ಒಂದು ಇನ್‌ಸ್ಟ್ರಕ್ಷನ್ನಿಗೆ 200 ನ್ಯಾನೊಸೆಕೆಂಡು. ಫಿಲ್ಟರಿನ ಒಂದು ಹೆಜ್ಜೆಗೆ ಎರಡು ಇನ್‌ಸ್ಟ್ರಕ್ಷನ್. 64 ಹೆಜ್ಜೆ ಮುಗಿದಾಗ ಕಳೆದಿದ್ದುದು 26 ಮೈಕ್ರೊಸೆಕೆಂಡು, ಇನ್ನೂ 99 ಉಳಿದಿವೆ. ಡೇಟಾಕ್ಕೆಂದು ಚಿಪ್ಪಿನೊಳಗೆ ಇದ್ದ ಮೆಮೊರಿ 144 ಪದ. ಹುಡುಗರು ಇದನ್ನು ಕೇಳಿ ನಗುತ್ತಾರೆ. ನಗಲಿ, 144ರಲ್ಲಿ ಸಂಸಾರ ನಡೆಸಿ ಎಂದರೆ ಅವರ ಕೈಯಲ್ಲಿ ಆಗುವುದಿಲ್ಲ.

ಇದಕ್ಕೂ ನಾಲ್ಕು ವರ್ಷ ಮೊದಲು, 1978ರಲ್ಲಿ, ಇದೇ ಕಂಪನಿ ಸ್ಪೀಕ್ ಅಂಡ್ ಸ್ಪೆಲ್ ಎಂಬ ಮಕ್ಕಳ ಆಟಿಕೆ ಮಾರಿತ್ತು. ಸ್ಪೆಲ್ಲಿಂಗ್ ಕೇಳುವ, ತಪ್ಪಿದರೆ ತಿದ್ದುವ ಕೆಂಪು ಡಬ್ಬಿ. ಟೇಪಿಲ್ಲ, ತಟ್ಟೆಯಿಲ್ಲ, ಚಿಪ್ಪು ತಾನೇ ಲೆಕ್ಕ ಹಾಕಿ ದನಿ ಹೊರಡಿಸುತ್ತಿತ್ತು. ಅದರ ಹಿಂದಿದ್ದ ಉಪಾಯ ಲೀನಿಯರ್ ಪ್ರೆಡಿಕ್ಷನ್: ಮಾತಿನ ಮುಂದಿನ ಸ್ಯಾಂಪಲ್ಲನ್ನು ಹಿಂದಿನ ಹತ್ತು ಸ್ಯಾಂಪಲ್ಲುಗಳಿಂದ ಊಹಿಸುವುದು. ಜಪಾನಿನಲ್ಲಿ ಇಟಾಕುರಾ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅಟಲ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಇದನ್ನು ಬೆಳೆಸಿದರು. ಅಟಲ್ ಕಾನ್ಪುರದವರು. ಆದರೆ 1955ರಲ್ಲಿ ಡಿಪ್ಲೊಮಾ ತೆಗೆದುಕೊಂಡದ್ದು ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ), ಆಮೇಲೆ 1957ರಿಂದ 60ರವರೆಗೆ ಅಲ್ಲೇ ಅಕೌಸ್ಟಿಕ್ಸ್ ಪಾಠ ಮಾಡಿದವರು. ಡಿಎಸ್‌ಪಿ ಅಂದರೆ ಪೂರ್ತಿ ಅಮೆರಿಕದ ಮಾಲು ಎನ್ನುವ ಹುಡುಗರಿಗೆ ಈ ವಿಷಯ ತಿಳಿಸದೆ ನಾನು ಬಿಟ್ಟದ್ದಿಲ್ಲ.

ಚಿಪ್ಪು ಬಂತು ಸರಿ, ಚಿಪ್ಪೊಂದನ್ನೇ ಕೈಯಲ್ಲಿ ಹಿಡಿದು ಏನು ಮಾಡುವುದು? ಮೈಕಿನ ವೋಲ್ಟೇಜನ್ನು ಅಂಕಿ ಮಾಡುವ ಕನ್ವರ್ಟರು (ಎಡಿಸಿ) ಬೇಕು, ತಿರುಗಿ ವೋಲ್ಟೇಜು ಮಾಡುವ ಇನ್ನೊಂದು (ಡಿಎಸಿ) ಬೇಕು. ಅಷ್ಟು ವೇಗಕ್ಕೆ ಹೊಂದುವ ಮೆಮೊರಿ ಬೇಕು, ಅದು ಆಗ ದುಬಾರಿ. ಒಳಗೇನು ನಡೆಯುತ್ತಿದೆ ಎಂದು ಇಣುಕಲು ಎಮ್ಯುಲೇಟರ್ ಬೇಕು, ಅದು ಸಾವಿರಾರು ಡಾಲರು. ಪಿಸಿಯ ಸ್ಲಾಟಿಗೆ ಸಿಕ್ಕಿಸುವ ಬೋರ್ಡುಗಳನ್ನು ಅಮೆರಿಕದಲ್ಲಿ ಏರಿಯಲ್, ಇಂಗ್ಲೆಂಡಿನಲ್ಲಿ ಲಫ್‌ಬರೊ ಸೌಂಡ್ ಇಮೇಜಸ್, ಕೆನಡಾದಲ್ಲಿ ಸ್ಪೆಕ್ಟ್ರಮ್ ಸಿಗ್ನಲ್ ಪ್ರಾಸೆಸಿಂಗ್ ಕಂಪನಿಗಳು ಮಾಡಿದವು. ಒಳ್ಳೆಯ ಬೋರ್ಡುಗಳೇ. ಅವು ಹೋದದ್ದು ರಕ್ಷಣಾ ಪ್ರಯೋಗಾಲಯಗಳಿಗೆ, ಟೆಲಿಫೋನ್ ಕಂಪನಿಗಳಿಗೆ, ದೊಡ್ಡ ವಿಶ್ವವಿದ್ಯಾಲಯಗಳಿಗೆ. 1988ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪ್ಯೂಟರಿನೊಳಗೆ ಮೊಟೊರೊಲಾದ 56001 ಡಿಎಸ್‌ಪಿಯನ್ನೇ ಕೂರಿಸಿದರು. ಅದರ ಬೆಲೆ 6,500 ಡಾಲರು, ಹಾಗಾಗಿ ಅದರ ಮಾತು ಇಲ್ಲಿಗೆ ಸಾಕು.

ಅಗ್ಗದ ದಾರಿಯನ್ನು ಮೊದಲು ಹುಡುಕಿದವರು ಹ್ಯಾಮ್ ರೇಡಿಯೊದವರು. ಅವರಿಗೆ ದುಡ್ಡು ಕಡಿಮೆ, ಹಟ ಜಾಸ್ತಿ. 1980ರ ದಶಕದ ಕೊನೆಯ ಹೊತ್ತಿಗೆ ಡೆಲಾಂಕೊ ಸ್ಪ್ರೈ ಎಂಬ ಸಣ್ಣ ಕಂಪನಿ ಪಿಸಿಗೆ ಹಾಕುವ 32010 ಬೋರ್ಡೊಂದನ್ನು ಮಾರುತ್ತಿತ್ತು. ನಾಸಾದ ಗೊಡಾರ್ಡ್ ಕೇಂದ್ರದಲ್ಲಿದ್ದ ರೇಡಿಯೊ ಖಗೋಳಜ್ಞ ಟಾಮ್ ಕ್ಲಾರ್ಕ್, ಗಣಿತ ಓದಿದ್ದ ಬಾಬ್ ಮೆಕ್‌ಗ್ವಾಯರ್ ಇಬ್ಬರೂ ಹ್ಯಾಮ್‌ಗಳು. ಆ ಬೋರ್ಡನ್ನು ಹಿಡಿದು ಪ್ಯಾಕೆಟ್ ರೇಡಿಯೊದವರ ಟ್ಯಾಪರ್, ಉಪಗ್ರಹದವರ ಆಮ್‌ಸ್ಯಾಟ್ ಎರಡೂ ಸಂಘಗಳನ್ನು ಕೂಡಿಸಿ ಡಿಎಸ್‌ಪಿ ಯೋಜನೆ ಶುರುಮಾಡಿದರು. ಅಲ್ಲಿಯವರೆಗೆ ಪ್ರತಿಯೊಂದು ಬಗೆಯ ಸಿಗ್ನಲ್ಲಿಗೂ ಬೇರೆ ಮೋಡೆಮ್, ಬೇರೆ ಡಬ್ಬಿ, ಬೇರೆ ಬೆಸುಗೆ. ಈಗ ಬೋರ್ಡು ಒಂದೇ, ಪ್ರೋಗ್ರಾಮು ಬದಲಾಯಿಸಿದರೆ ಮೋಡೆಮ್ ಬದಲಾಯಿತು. ಮುಂದೆ ಟ್ಯಾಪರ್‌ನವರು ಟಿಎಂಎಸ್320ಸಿ25 ಚಿಪ್ಪಿನ ಮೇಲೆ ಡಿಎಸ್‌ಪಿ-93 ಎಂಬ ಕಿಟ್ಟನ್ನೇ ಹೊರತಂದರು. ಬಿಡಿಭಾಗ ಕವರಿನಲ್ಲಿ ಬರುತ್ತಿತ್ತು, ಬೆಸುಗೆ ನಿಮ್ಮದು.

ಆಮೇಲೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಅಂದರೆ ಟಿಐ, ತಾನೇ ಒಂದು ಕೆಲಸ ಮಾಡಿತು. 1990ರ ದಶಕದ ಮೊದಲರ್ಧದಲ್ಲಿ ಡಿಎಸ್‌ಪಿ ಸ್ಟಾರ್ಟರ್ ಕಿಟ್, ಎಲ್ಲರ ಬಾಯಲ್ಲಿ ಡಿಎಸ್‌ಕೆ, ಮಾರುಕಟ್ಟೆಗೆ ಬಿಟ್ಟಿತು. ಮೊದಲು ಸಿ26 ಚಿಪ್ಪಿನದು, ಬೆನ್ನಿಗೇ ಸಿ50ಯದು. ಬೆಲೆ 99 ಡಾಲರು.

ನನ್ನ ಪ್ರಕಾರ ಈ ಚರಿತ್ರೆಯ ನಡುಗಂಬ ಅಂದರೆ ಈ ಸಿ50 ಬೋರ್ಡೇ. ಅಂಗೈಗಿಂತ ಸ್ವಲ್ಪ ದೊಡ್ಡದು. ಬೆಲೆ ಹೇಗೆ ಇಳಿಸಿದರು ಎನ್ನುವುದನ್ನು ಬೋರ್ಡು ನೋಡಿಯೇ ತಿಳಿಯಬಹುದಿತ್ತು: ಏನೇನಿಲ್ಲ ಎಂದು ಎಣಿಸಿದರೆ ಸಾಕು. ಹೊರಗಿನ ರ್‍ಯಾಮ್ ಒಂದು ಪದವೂ ಇಲ್ಲ. ಚಿಪ್ಪಿನೊಳಗೇ ಇದ್ದ 10,000 ಪದದಲ್ಲಿ ಪ್ರೋಗ್ರಾಮೂ ಡೇಟಾವೂ ಹೊಂದಿಕೊಳ್ಳಬೇಕು. ಎಮ್ಯುಲೇಟರ್ ಇಲ್ಲ, ಅದರ ಬದಲು ಸಣ್ಣ ಪ್ರಾಮ್‌ನಲ್ಲಿ ಒಂದು ಚಿಕ್ಕ ಕರ್ನಲ್ಲು, ಅದು ಚಿಪ್ಪಿನೊಳಗಿನ ಸುದ್ದಿಯನ್ನು ಸೀರಿಯಲ್ ಪೋರ್ಟಿನ ಮೂಲಕ ಪಿಸಿಗೆ ಹೇಳುತ್ತಿತ್ತು. ಪಿಸಿಯ ಮುಚ್ಚಳ ಬಿಚ್ಚುವ ಪ್ರಮೇಯವೇ ಇಲ್ಲ. ಸಿ ಕಂಪೈಲರ್ ಇಲ್ಲ. ಫ್ಲಾಪಿಯಲ್ಲಿ ಡಿಎಸ್‌ಕೆ5ಎ ಎಂಬ ಅಸೆಂಬ್ಲರು, ಡಿಎಸ್‌ಕೆ5ಡಿ ಎಂಬ ಡಿಬಗರು, ಎರಡೂ ಡಾಸ್‌ನವು. ಎಡಿಸಿ, ಡಿಎಸಿ, ಅವುಗಳ ಮುಂದೆ ಹಿಂದೆ ಬೇಕಾದ ಫಿಲ್ಟರು ಎಲ್ಲ ಸೇರಿ ಟಿಐನದೇ ಟಿಎಲ್‌ಸಿ32040 ಎಂಬ ಒಂದೇ ಚಿಪ್ಪು, 14 ಬಿಟ್ಟಿನದು. ಟೇಪ್‌ರೆಕಾರ್ಡರಿನ ಹಿಂದೆ ಇರುವಂಥ ಆರ್‌ಸಿಎ ಜ್ಯಾಕು ಎರಡು: ಒಂದರಲ್ಲಿ ಸದ್ದು ಒಳಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಹೀಗೆ ಬೇಡದ್ದನ್ನೆಲ್ಲ ಕಿತ್ತರೂ ಉಳಿದ ಚಿಪ್ಪು 50 ನ್ಯಾನೊಸೆಕೆಂಡಿಗೊಂದು ಗುಣಾಕಾರ ಮಾಡುವ ಗಟ್ಟಿಗ. ಎಂಎಸಿಡಿ ಎಂಬ ಒಂದೇ ಇನ್‌ಸ್ಟ್ರಕ್ಷನ್ನನ್ನು ರಿಪೀಟ್ ಮಾಡಿಸಿದರೆ 64 ಹೆಜ್ಜೆಯ ಫಿಲ್ಟರು ಮೂರು ಚಿಲ್ಲರೆ ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಇದು ದಾನಧರ್ಮವಲ್ಲ, ವ್ಯಾಪಾರ. ಓದುವಾಗ ಯಾವ ಚಿಪ್ಪಿನ ಅಸೆಂಬ್ಲಿ ಬಾಯಿಪಾಠವಾಯಿತೋ, ಕೆಲಸಕ್ಕೆ ಸೇರಿದ ಮೇಲೆ ಡಿಸೈನಿಗೆ ಆ ಚಿಪ್ಪೇ ಬರುತ್ತದೆ, ಲಕ್ಷದ ಲೆಕ್ಕದಲ್ಲಿ. ಎದುರಾಳಿಗಳಿಗೂ ಇದು ತಿಳಿಯಿತು. ಅನಲಾಗ್ ಡಿವೈಸಸ್ 2181 ಚಿಪ್ಪಿನ ಈಝೀ-ಕಿಟ್ ಲೈಟನ್ನು 89 ಡಾಲರಿಗೆ ಕೊಟ್ಟಿತು, ಅದರಲ್ಲಿ ಸ್ಟೀರಿಯೊ ಕೋಡೆಕ್ ಬೇರೆ. ಮೊಟೊರೊಲಾದ 56002 ಬೋರ್ಡನ್ನು ಹ್ಯಾಮ್‌ಗಳು ಮೆಚ್ಚಿಕೊಂಡರು. ಟಿಐ ಮತ್ತೆ ಫ್ಲೋಟಿಂಗ್ ಪಾಯಿಂಟಿನ ಸಿ31 ಡಿಎಸ್‌ಕೆ ತಂದಿತು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವುದು, ಬೆಲೆ ಮತ್ತೆ ಅದೇ 99. ಅದಕ್ಕೆಂದೇ ರುಲ್ಫ್ ಚಾಸೆಂಗ್ ಎಂಬ ಪ್ರಾಧ್ಯಾಪಕರು 1999ರಲ್ಲಿ ಪ್ರಯೋಗಗಳ ಪುಸ್ತಕ ಬರೆದರು. ಅದರ ಜೆರಾಕ್ಸು ನಮ್ಮ ಲ್ಯಾಬಿನಲ್ಲಿ ಕೈಯಿಂದ ಕೈಗೆ ತಿರುಗಿ ಅಂಚು ಎಣ್ಣೆ ಹಿಡಿದಿತ್ತು. ಯಾವ ಹಾಳೆಯಲ್ಲಿ ಹೆಚ್ಚು ಎಣ್ಣೆಯೋ ಆ ಪ್ರೋಗ್ರಾಮು ನಂಬಿಕಸ್ಥ.

ನಮ್ಮ ಕಾಲೇಜಿಗೆ ಸಿ50 ಬೋರ್ಡು ಬಂದದ್ದು ಆರ್ಡರು ಹಾಕಿ ತರಿಸಿದ್ದಲ್ಲ. ಆಗ ಡಾಲರಿಗೆ 31 ರೂಪಾಯಿ ಚಿಲ್ಲರೆ, 99 ಡಾಲರ್ ಅಂದರೆ ಮೂರು ಸಾವಿರದ ನೂರು. ಅದು ಪರವಾಗಿಲ್ಲ, ಆದರೆ ಸುಂಕ? 1991ರಲ್ಲಿ ಸರ್ಕಾರ ಆಮದು ಸುಂಕದ ಗರಿಷ್ಠ ಮಿತಿಯನ್ನು ಶೇ 150ಕ್ಕೆ ನಿಲ್ಲಿಸಿತು, ಅದೂ ಮೊದಲಿದ್ದದ್ದನ್ನು ಇಳಿಸಿ! 1995ರ ಹೊತ್ತಿಗೆ ಅದು ಶೇ 50ಕ್ಕೆ ಬಂದರೂ, ಮೂರು ಕೊಟೇಶನ್ನು, ತುಲನಾ ಪಟ್ಟಿ, ಆಡಳಿತ ಮಂಡಳಿಯ ಮಂಜೂರಾತಿ ಇವೆಲ್ಲ ಮುಗಿಯುವಷ್ಟರಲ್ಲಿ ಕೇಳಿದ ಹುಡುಗನೇ ಪಾಸಾಗಿ ಹೋಗಿರುತ್ತಿದ್ದ. ಡಲ್ಲಾಸಿನಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತಂಗಿಯ ಮದುವೆಗೆ ಬಂದವನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದ. “ಲ್ಯಾಬಿಗೆ ಅಂತ ತಂದಿದೀನಿ ಸರ್, ಬೀರುಗೆ ಅಂತಲ್ಲ” ಎಂದು ನನ್ನ ಬೀಗದ ಕೈ ನೋಡಿಯೇ ಹೇಳಿದ.

ಬೋರ್ಡಿನ ಜೊತೆ ಬಂದಿದ್ದ ಅಡಾಪ್ಟರು ಅಮೆರಿಕದ 110 ವೋಲ್ಟಿನದು. ನಮ್ಮ 230ಕ್ಕೆ ಹಾಕಿದರೆ ಹೊಗೆ. ಹುಡುಗರು ವಾಕ್‌ಮನ್ನಿನ 9 ವೋಲ್ಟ್ ಡಿಸಿ ಅಡಾಪ್ಟರು ತಂದು ಚುಚ್ಚಿದರು. ಡಿಬಗರು ಪರದೆಯ ಮೇಲೆ ಮಾತಾಡಿತು, ರಿಜಿಸ್ಟರುಗಳೆಲ್ಲ ಕಂಡವು, ಆದರೆ ಜ್ಯಾಕಿನಿಂದ ಸದ್ದೇ ಇಲ್ಲ. ಕಾರಣ ಸರಳ: ಬೋರ್ಡಿಗೆ ಬೇಕಾದದ್ದು 9 ವೋಲ್ಟ್ ಎಸಿ. ಎಸಿಯ ಒಂದು ಅರ್ಧದಿಂದ +5, ಇನ್ನೊಂದು ಅರ್ಧದಿಂದ -5 ಮಾಡಿಕೊಳ್ಳುವ ಅಗ್ಗದ ಉಪಾಯ ಅದರಲ್ಲಿತ್ತು, ಸದ್ದಿನ ಚಿಪ್ಪಿಗೆ ಎರಡೂ ಬೇಕು. ಡಿಸಿ ಕೊಟ್ಟರೆ ಮೈನಸ್ ಹುಟ್ಟುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುವ 9-0-9 ಟ್ರಾನ್ಸ್‌ಫಾರ್ಮರು ತಂದು, ಅದರ ಒಂದು ಭಾಗ ಮಾತ್ರ ಬಳಸಿ, ಸೋಪಿನ ಡಬ್ಬಿಯಲ್ಲಿ ಕೂರಿಸಿದೆವು. ಅಲ್ಲಿಂದ ಮುಂದೆ ಒಂದು ತೊಂದರೆಯಿಲ್ಲ.

ಸದ್ದಿನ ಮೂಲ? ಫಂಕ್ಷನ್ ಜನರೇಟರಿಗಿಂತ ನಮಗೆ ಹಿತವಾದದ್ದು ಪಾಕೆಟ್ ಟ್ರಾನ್ಸಿಸ್ಟರು. ಇಯರ್‌ಫೋನಿನ ತೂತಿನಿಂದ ವೈರು ಎಳೆದು ಆರ್‌ಸಿಎ ಜ್ಯಾಕಿಗೆ. ಬೆಂಗಳೂರು ಆಕಾಶವಾಣಿ 612 ಕಿಲೊಹರ್ಟ್ಸ್ ಹಗಲು ಸ್ವಚ್ಛ. ಸಂಜೆಯಾಗುತ್ತಲೇ ಮೀಡಿಯಂ ವೇವ್‌ನಲ್ಲಿ ದೂರದ ಸ್ಟೇಷನ್ನುಗಳು ಮೇಲೆ ಬಿದ್ದು, ಕೆಲವು ಕಡೆ ಉಯ್ಯೆಂದು ಶಿಳ್ಳೆ. ಆ ಶಿಳ್ಳೆಯನ್ನು ಹಿಡಿದು ತೆಗೆಯುವುದೇ ಪ್ರಾಜೆಕ್ಟು ಎಂದು ಇಬ್ಬರು ಹುಡುಗಿಯರು ಹಟ ಹಿಡಿದರು. 1960ರಲ್ಲಿ ಸ್ಟ್ಯಾನ್‌ಫರ್ಡಿನ ವಿಡ್ರೊ, ಹಾಫ್ ಇಬ್ಬರು ಕೊಟ್ಟ ಎಲ್‌ಎಂಎಸ್ ವಿಧಾನ ಅವರ ಆಧಾರ. ಶಿಳ್ಳೆ ಒಂದೇ ಸಮ ಇರುತ್ತದೆ, ಆದ್ದರಿಂದ ಮುಂದೇನು ಎಂದು ಊಹಿಸಬಹುದು. ಮಾತು ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಅಷ್ಟು ದೂರಕ್ಕೆ ಊಹೆಗೆ ಸಿಗುವುದಿಲ್ಲ. ಊಹಿಸಿದ್ದನ್ನು ಬಂದದ್ದರಿಂದ ಕಳೆದರೆ ಉಳಿಯುವುದು ಮಾತು. ಫಿಲ್ಟರು ತನ್ನ ಗುಣಾಂಕಗಳನ್ನು ಸ್ಯಾಂಪಲ್ಲಿಗೊಮ್ಮೆ ತಾನೇ ತಿದ್ದಿಕೊಳ್ಳುತ್ತ ಹೋಗುತ್ತದೆ. ಪರೀಕ್ಷೆಯ ದಿನ ಟೇಪ್ ಮಾಡಿಟ್ಟುಕೊಂಡಿದ್ದ ಶಿಳ್ಳೆ ಹಾಕಿದರು. ಎಕ್ಸ್‌ಟರ್ನಲ್ ಆಗಿ ಬಂದಿದ್ದ ಮೈಸೂರಿನ ಹಿರಿಯರು ಸ್ಪೀಕರಿಗೆ ಕಿವಿ ಕೊಟ್ಟು “ಎಲ್ರಮ್ಮ ಶಿಳ್ಳೆ?” ಎಂದರು. “ಹೋಯ್ತು ಸರ್, ನೀವು ಕೂತ್ಕೊಳೋದ್ರೊಳಗೆ” ಎಂದಳು ಒಬ್ಬಳು. ಅವರು ಬೋರ್ಡಿನ ವೈರು ಕಿತ್ತು, ಮತ್ತೆ ಹಾಕಿ, ಶಿಳ್ಳೆ ಬರುವುದನ್ನೂ ಕರಗುವುದನ್ನೂ ನಾಲ್ಕಾರು ಸಲ ಕೇಳಿದರು. ವೈವಾ ಅಲ್ಲಿಗೇ ಮುಗಿಯಿತು.

ಇಂಥದ್ದು ಸಾಧ್ಯವಾದದ್ದು ಬೋರ್ಡಿನ ಬೆಲೆಯಿಂದ ಎಂದೇ ನಾನು ಹೇಳುವುದು. ದುಬಾರಿ ಸಾಮಾನಿಗೆ ಎಚ್‌ಒಡಿ ಸಹಿ, ಪ್ರಿನ್ಸಿಪಾಲರ ಸಹಿ, ಬೀರುವಿನಿಂದ ತೆಗೆದ ಹೊತ್ತು, ಇಟ್ಟ ಹೊತ್ತು ಎಲ್ಲ ಬರೆಯಬೇಕು. ಹುಡುಗರು ಅದನ್ನು ಮುಟ್ಟುವುದು ಬೆರಳ ತುದಿಯಿಂದ. ಮೂರು ಸಾವಿರದ ಬೋರ್ಡಿಗೆ ನಮ್ಮ ಎಚ್‌ಒಡಿ “ಸುಟ್ಟರೆ ಸುಡಲಿ ಕಣ್ರಿ” ಎಂದುಬಿಟ್ಟರು. ಹುಡುಗರು ಅದನ್ನು ಹಾಸ್ಟೆಲಿಗೆ ಒಯ್ದರು, ರಾತ್ರಿಯೆಲ್ಲ ಕೂತರು. ವಿಚಿತ್ರ ಅಂದರೆ, ಅದು ಸುಡಲಿಲ್ಲ.

ಇದೇ ಕಾಲಕ್ಕೆ ಎಪ್ಪತ್ತು ಕಿಲೊಮೀಟರು ಆಚೆ ಬೆಂಗಳೂರಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಟಿಐ 1985ರಲ್ಲೇ ಮಿಲ್ಲರ್ಸ್ ರೋಡಿನ ಸೋನಾ ಟವರ್ಸ್‌ನಲ್ಲಿ ಆಫೀಸು ತೆರೆದಿತ್ತು. ಅಮೆರಿಕದ ಜೊತೆ ಮಾತಿಗೆಂದು ಉಪಗ್ರಹದ ಡಿಶ್ಶು ಹಾಕಿಸಿಕೊಂಡಿತ್ತು. ಅದರ ಸಾಮಾನು ಎತ್ತಿನ ಗಾಡಿಯಲ್ಲಿ ಬಂತು ಎಂದು ಬೆಂಗಳೂರಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. 1998ರಲ್ಲಿ ಇಲ್ಲಿಯವರೇ ಪೂರ್ತಿ ವಿನ್ಯಾಸ ಮಾಡಿದ ಡಿಎಸ್‌ಪಿ ಹೊರಬಂತು, ಹೆಸರು ಅಂಕುರ್. 2001ರಲ್ಲಿ ಟಿಐ ಇಂಡಿಯಾದ ಮುಖ್ಯಸ್ಥರಾಗಿದ್ದ ಶ್ರೀನಿ ರಾಜಂ ಕೆಲವು ಜೊತೆಗಾರರೊಂದಿಗೆ ಹೊರಬಂದು ಇಟ್ಟಿಯಂ ಕಟ್ಟಿದರು. ಡಿಎಸ್‌ಪಿ ಮೇಲೆ ಓಡುವ ಆಡಿಯೊ, ವಿಡಿಯೊ ಸಾಫ್ಟ್‌ವೇರೇ ಅದರ ಕಸುಬು. ಇಂಥ ಕಡೆಗಳಲ್ಲಿ ಇಂಟರ್‌ವ್ಯೂಗೆ ಹೋದ ನಮ್ಮ ಹುಡುಗರು ಓವರ್‌ಫ್ಲೋ, ಸ್ಕೇಲಿಂಗು, ಕ್ಯೂ15 ಎಂದು ಸಲೀಸಾಗಿ ಮಾತಾಡಿ ಬಂದರು. ಪುಸ್ತಕದಲ್ಲಿ ಓವರ್‌ಫ್ಲೋ ಅಂದರೆ ಒಂದು ಸಾಲು. ಸ್ಪೀಕರಿನಲ್ಲಿ ಒಮ್ಮೆ ಟಪಾರನೆ ಕೇಳಿದವನಿಗೆ ಅದು ಮರೆಯುವುದಿಲ್ಲ.

ಹೊಸ ಶತಮಾನದಲ್ಲಿ ಸಿ6713 ಡಿಎಸ್‌ಕೆ ಬಂತು. ಕಪ್ಪು ಬಣ್ಣದ ದೊಡ್ಡ ಬೋರ್ಡು, 225 ಮೆಗಾಹರ್ಟ್ಸ್, 16 ಮೆಗಾಬೈಟ್ ಮೆಮೊರಿ, ಯುಎಸ್‌ಬಿ, ಆಡಿಯೊಗೆ ನಾಲ್ಕು ಜ್ಯಾಕು, ಕೋಡ್ ಕಂಪೋಸರ್ ಸ್ಟುಡಿಯೊ ಎಂಬ ಭರ್ಜರಿ ಸಾಫ್ಟ್‌ವೇರು. ಟೆಕ್ಸಾಸಿನ ಸ್ಪೆಕ್ಟ್ರಮ್ ಡಿಜಿಟಲ್ ಮಾಡಿದ್ದು, ಬೆಲೆ 395 ಡಾಲರು. ಡಾಲರಿಗೆ 45 ರೂಪಾಯಿ ಇದ್ದ ಕಾಲ, ಹದಿನೇಳು ಸಾವಿರ ದಾಟಿತು. ಅದು ಸೀದಾ ಬೀರುವಿಗೆ ಹೋಯಿತು. ಹೊರಬಂದದ್ದು ಪರೀಕ್ಷೆಯ ದಿನ. ಪ್ರಯೋಗಗಳ ಪಟ್ಟಿಯಲ್ಲಿ ಮೈಕಿನ ಸ್ಪೆಕ್ಟ್ರಮ್ಮು, ಗದ್ದಲ ತೆಗೆಯುವುದು ಎಲ್ಲ ಇದ್ದರೂ ಚೀಟಿಯಲ್ಲಿ ಹೆಚ್ಚಾಗಿ ಬೀಳುತ್ತಿದ್ದುದು ಲೀನಿಯರ್ ಕನ್ವಲ್ಯೂಷನ್. ಸೆಕೆಂಡಿಗೆ 135 ಕೋಟಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಮಾಡಬಲ್ಲ ಚಿಪ್ಪಿಗೆ ನಾಲ್ಕು ಅಂಕಿ ಒಂದು ಕಡೆ, ನಾಲ್ಕು ಅಂಕಿ ಇನ್ನೊಂದು ಕಡೆ ಕೊಟ್ಟು, ಏಳು ಅಂಕಿಯ ಉತ್ತರ ತೆಗೆದು, ಪ್ರಿಂಟ್ ಮಾಡಿ ರೆಕಾರ್ಡಿಗೆ ಅಂಟಿಸುವುದು. ಜ್ಯಾಕುಗಳಿಗೆ ಧೂಳು ಹಿಡಿಯದಿರಲೆಂದು ನಾನು ಟೇಪು ಅಂಟಿಸಿಟ್ಟಿದ್ದೆ. ಒಳ್ಳೆಯ ಬೋರ್ಡು, ಅನುಮಾನವಿಲ್ಲ. ಆದರೆ ಕಲಿಸಿದ್ದು ಸಿ50ಯ ಕಾಲು ಭಾಗವೂ ಅಲ್ಲ.

ಅಷ್ಟರಲ್ಲಿ ಪಿಸಿಯೇ ಗುಣಿಸಲು ಕಲಿತಿತ್ತು. 1997ರಲ್ಲಿ ಇಂಟೆಲ್ ಎಂಎಂಎಕ್ಸ್ ಪೆಂಟಿಯಂ ತಂದಾಗ ಒಂದೇ ಇನ್‌ಸ್ಟ್ರಕ್ಷನ್ನಿನಲ್ಲಿ 16 ಬಿಟ್ಟಿನ ನಾಲ್ಕು ಜೋಡಿ ಗುಣಿಸಿ ಕೂಡುವ ಸೌಕರ್ಯ ಪಿಸಿಗೇ ಬಂತು. ಡಿಎಸ್‌ಪಿ ಇಲ್ಲದ ಮೋಡೆಮುಗಳು ಬಂದವು, ಕೆಲಸವೆಲ್ಲ ಪಿಸಿಯದು. ಸೌಂಡ್ ಕಾರ್ಡು ಮದರ್‌ಬೋರ್ಡಿನಲ್ಲೇ ಬಂದು ಕೂತಿತು. 2012ರಲ್ಲಿ ಟಿವಿ ನೋಡಲು ಮಾಡಿದ್ದ ಯುಎಸ್‌ಬಿ ಕಡ್ಡಿಯೊಂದರಲ್ಲಿ ರೇಡಿಯೊ ಸ್ಯಾಂಪಲ್ಲುಗಳನ್ನು ಕಚ್ಚಾ ರೂಪದಲ್ಲೇ ಪಿಸಿಗೆ ಕಳಿಸುವ ದಾರಿಯಿದೆ ಎಂದು ಹವ್ಯಾಸಿಗಳು ಕಂಡುಕೊಂಡರು. ಇಪ್ಪತ್ತು ಡಾಲರಿನ ಆ ಕಡ್ಡಿ ಆರ್‌ಟಿಎಲ್-ಎಸ್‌ಡಿಆರ್ ಎಂದು ಹೆಸರಾಯಿತು, ಗುಣಾಕಾರವೆಲ್ಲ ಲ್ಯಾಪ್‌ಟಾಪಿನಲ್ಲಿ. ಕೆಲವೇ ನೂರು ರೂಪಾಯಿಯ ಮೈಕ್ರೊಕಂಟ್ರೋಲರ್ ಬೋರ್ಡುಗಳಲ್ಲಿ ಈಗ ಕಾರ್ಟೆಕ್ಸ್-ಎಂ4 ಇರುತ್ತದೆ, ಒಂದೇ ಸೈಕಲ್ಲಿನಲ್ಲಿ ಗುಣಿಸಿ ಕೂಡುತ್ತದೆ. ಅವಕ್ಕೆ ಯಾರ ಸಹಿಯೂ ಬೇಡ, ಹುಡುಗರ ಜೇಬಿನಲ್ಲೇ ಇರುತ್ತವೆ.

ಸಿ50 ಡಿಎಸ್‌ಕೆ ಈಗಲೂ ಎಸ್.ಪಿ. ರೋಡಿನ ಗುಜರಿ ರಾಶಿಯಲ್ಲಿ ಸಿಕ್ಕೀತು. ಸಿಕ್ಕರೆ ಬಿಡಬೇಡಿ. ಸೀರಿಯಲ್ ಪೋರ್ಟಿರುವ ಹಳೆಯ ಪಿಸಿ, ಡಾಸ್ ಎರಡನ್ನೂ ಹೊಂದಿಸಿಕೊಳ್ಳಿ. ಅಡಾಪ್ಟರಿನ ಮೇಲೆ ಡಿಸಿ ಎಂದಿದ್ದರೆ ಚುಚ್ಚಬೇಡಿ; 9-0-9 ಟ್ರಾನ್ಸ್‌ಫಾರ್ಮರು ಪಕ್ಕದ ಅಂಗಡಿಯಲ್ಲೇ ಇರುತ್ತದೆ.